ಕೊಟ್ಟೂರಿನಲ್ಲಿ ಉಬ್ಬಿದ ಗ್ಯಾಲಕ್ಸಿ

ಶಿವಯೋಗಪ್ಪ ಮಾಸ್ತರು ಕೊಟ್ಟೂರಿನ ಹೈಸ್ಕೂಲಿನಿಂದ ನಿವೃತ್ತರಾದ ದಿನ, ಬೀಳ್ಕೊಡುಗೆ ಸಭೆಯಲ್ಲಿ ಎರಡು ಮಾತಾಡಲು ಎದ್ದು ನಿಂತವರು, ತಮ್ಮ ಜೊತೆ ಕೆಲಸ ಮಾಡಿದವರಿಗೆಲ್ಲ ಹೆಸರು ಹಿಡಿದು ಧನ್ಯವಾದ ಹೇಳತೊಡಗಿದರು. ವರ್ಗವಾಗಿ ಹೋದವರು, ತೀರಿಕೊಂಡವರು, ನಾಲ್ಕು ದಿನ ಇದ್ದು ಬೇರೆ ನೌಕರಿ ಸಿಕ್ಕಿತೆಂದು ಬಿಟ್ಟುಹೋದವರು, ಯಾರನ್ನೂ ಬಿಡಲಿಲ್ಲ. ಮುಖ್ಯ ಅತಿಥಿಗಳು ಕೈಮುಗಿದು ಹೊರಟುಹೋದರು. ಶಾಮಿಯಾನದವನು ಹಿಂದಿನ ಸಾಲಿನಿಂದ ಖಾಲಿ ಕುರ್ಚಿಗಳನ್ನು ಎತ್ತುತ್ತಾ ವೇದಿಕೆಯವರೆಗೆ ಬಂದ. ಮಾಸ್ತರು ಅವನ ಹೆಸರನ್ನೂ ಕೇಳಿ ತಿಳಿದುಕೊಂಡು, ಅವನಿಗೊಂದು ಧನ್ಯವಾದ ಹೇಳಿ ಕೂತರು.

ಅವರ ಸ್ವಭಾವವೇ ಅದು. ಉತ್ತರ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಅವರು ಯಾವ ಹುಡುಗನಿಗೂ ಅಂಕ ಕೊಟ್ಟವರಲ್ಲ. ಸಾಲು ಸಾಲಿಗೂ ಬೆರಳಿಟ್ಟು ಓದಬೇಕು, ಹೊಡೆದುಹಾಕಿದ್ದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಉಳಿದ ವಿಷಯಗಳ ಫಲಿತಾಂಶ ಬಂದು ಎಲ್ಲರೂ ಅತ್ತು ಮುಗಿಸಿದ ಮೇಲೆ ಅವರ ಗಣಿತದ ಫಲಿತಾಂಶ ಬರುತ್ತಿತ್ತು. ಅವರ ಹೆಂಡತಿ ದಾಕ್ಷಾಯಣಮ್ಮ ಈ ಬಗ್ಗೆ ಹೇಳುವುದು ಇಷ್ಟೇ: "ಒಂದು ಕಟ್ಟು ಸೊಪ್ಪು ತರಾಕ ಕಳಿಸಿದ್ರ ಎಲಿ ಎಲಿ ತಿರುವಿ ನೋಡ್ತಾರ. ಇವರು ಬರೋದ್ರಾಗ ಮನ್ಯಾಗ ಸಾರು ಆಗಿರತೈತಿ. ಬರೀ ಬ್ಯಾಳಿ ಸಾರು."

ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರುವ ಆಸಾಮಿಯಲ್ಲ ಅವರು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹುಲುಗೇಶನಿಂದ ಒಂದು ಹಳೆಯ ಕಂಪ್ಯೂಟರ್ ಕೊಂಡು ತಂದು, ಪಡಸಾಲೆಯ ಮೂಲೆಯಲ್ಲಿಟ್ಟು, ಇಂಟರ್ನೆಟ್ ನೋಡಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತರು. ಯಾವ ತಾರೀಖು ಕೊಟ್ಟರೂ ಅದು ಯಾವ ವಾರವೆಂದು ಹೇಳುವ ಒಂದು ಪ್ರೋಗ್ರಾಂ ಬರೆದರು. ಓಣಿಯವರೆಲ್ಲ ತಾವು ಹುಟ್ಟಿದ ವಾರ ತಿಳಿದುಕೊಂಡರು. ಸೊಟ್ಟಂಬಟ್ಟ ಹೊಲದ ಅಳತೆ ಲೆಕ್ಕಹಾಕುವ ಇನ್ನೊಂದನ್ನು ಬರೆದರು. ಅದರಿಂದ ಅಣ್ಣತಮ್ಮಂದಿರ ನಡುವೆ ಎರಡು ಜಗಳ ಹುಟ್ಟಿದ ಮೇಲೆ ಅದನ್ನು ಅಲ್ಲಿಗೇ ನಿಲ್ಲಿಸಿದರು.

ಅಂಥ ಹೊತ್ತಿನಲ್ಲಿ ಪುಷ್ಪಲತಾ ಬಂದಳು. ಮಾಸ್ತರ ಹಳೆಯ ಶಿಷ್ಯೆ; ಈಗ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ.

"ಸರ್, ಫೆಬ್ರವರಿ ಕೊನಿಗೆ ನಮ್ಮ ಕಾಲೇಜಿನಾಗ ವಿಜ್ಞಾನ ದಿನ ಐತ್ರಿ. ನೀವೂ ಅಮ್ಮನೂ ಬರಬೇಕು."

"ಏನು ತೋರಿಸ್ತೀರವಾ?"

"ಎರಡು ಗ್ಯಾಲಕ್ಸಿ ಒಂದಕ್ಕೊಂದು ಡಿಕ್ಕಿ ಹೊಡದು ಒಂದಾಗೋದು. ಇಂಟರ್ನೆಟ್ಟಿನಾಗ ಚಂದದ ವಿಡಿಯೋ ಐತ್ರಿ. ಇಳಿಸಿ ಇಟ್ಕೊಂಡೀನಿ."

ಮಾಸ್ತರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಏನೋ ಒಪ್ಪಿಗೆಯಾಗಿಲ್ಲ ಎಂದೇ ಅರ್ಥ. "ಯಾರೋ ಬೇಯಿಸಿದ್ದನ್ನ ತಂದು ಬಡಿಸಾದು ಏನು ಅಡಿಗಿ? ನ್ಯೂಟನ್ನನ ಸೂತ್ರ ನಿನಗ ನಾನ ಕಲಿಸೀನಿ. ಸೂತ್ರ ಐತಿ, ಕಂಪ್ಯೂಟರ್ ಐತಿ. ಲೆಕ್ಕ ನಾವ ಹಾಕೋಣು."

ಪುಷ್ಪಲತಾ ಮಾಸ್ತರನ್ನು ಬಲ್ಲಷ್ಟು ಬೇರೆಯವರು ಬಲ್ಲರೋ ಇಲ್ಲವೋ. ಬೇಡ ಅನ್ನಲು ಬಾಯಿ ತೆರೆದವಳು, ದಾಕ್ಷಾಯಣಮ್ಮ ತಂದಿಟ್ಟ ಮಿರ್ಚಿ ಬಜ್ಜಿಯನ್ನು ಬಾಯಿಗಿಟ್ಟುಕೊಂಡಳು.

ಕೆಲಸ ಕೇಳಲು ಸರಳವಾಗಿತ್ತು. ಸ್ಕ್ರೀನಿನ ಮೇಲೆ ಒಂದಿಷ್ಟು ಚುಕ್ಕಿ. ಪ್ರತಿ ಚುಕ್ಕಿಯೂ ಉಳಿದ ಪ್ರತಿ ಚುಕ್ಕಿಯನ್ನೂ ಎಳೆಯುತ್ತದೆ. ಹತ್ತಿರವಿದ್ದರೆ ಜೋರಾಗಿ, ದೂರವಿದ್ದರೆ ಮೆಲ್ಲಗೆ. ಎಲ್ಲ ಎಳೆತವನ್ನೂ ಕೂಡಿಸಿ, ಚುಕ್ಕಿಯ ವೇಗ ಬದಲಿಸಿ, ಅದನ್ನೊಂದು ಹೆಜ್ಜೆ ಸರಿಸುವುದು. ಎಲ್ಲ ಚುಕ್ಕಿಗಳಿಗೂ ಹಾಗೆ ಮಾಡಿ, ಮತ್ತೆ ಮೊದಲಿನಿಂದ. ಯಾರನ್ನೂ ಬಿಡದೆ ಎಲ್ಲರ ಲೆಕ್ಕ ಹಿಡಿಯುವ ಕೆಲಸ. ಶಿವಯೋಗಪ್ಪ ಮಾಸ್ತರಿಗಾಗಿಯೇ ಯಾರೋ ಹೊಲಿಸಿಟ್ಟ ಅಂಗಿಯ ಹಾಗಿತ್ತು.

ಎರಡು ಚುಕ್ಕಿ ಇಟ್ಟರು. ಭೂಮಿ ಸೂರ್ಯನ ಸುತ್ತ ಚಂದವಾಗಿ ಸುತ್ತಿತು. ಹತ್ತು ಇಟ್ಟರು, ನೂರು ಇಟ್ಟರು. ಎರಡು ಸಾವಿರ ಇಟ್ಟ ದಿನ ಕಂಪ್ಯೂಟರಿನ ಉಸಿರು ಕಟ್ಟಿತು. ಚುಕ್ಕಿ ಎರಡರಷ್ಟಾದರೆ ಕೆಲಸ ನಾಲ್ಕರಷ್ಟಾಗುತ್ತದೆ ಎಂಬುದು ಮಾಸ್ತರಿಗೆ ಗೊತ್ತಿತ್ತು; ಅದರ ಸದ್ದು ಇಷ್ಟಿರುತ್ತದೆ ಎಂದು ಗೊತ್ತಿರಲಿಲ್ಲ. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಹುಲುಗೇಶನಿಗೆ ಫೋನ್ ಹೋಯಿತು.

"ಸರ್, ಅದಕ್ಕ ಏನು ಕೆಲಸ ಹಚ್ಚೀರಿ?"

"ಏನಿಲ್ಲೋ. ಎಲ್ಲಾರೂ ಎಲ್ಲಾರನ್ನೂ ಎಳೀಬೇಕು. ಅಷ್ಟ."

"ಸರ್, ಅದು ಸೆಕೆಂಡ್ ಹ್ಯಾಂಡ್ ಐತ್ರಿ," ಎಂದ ಹುಲುಗೇಶ.

ಈ ಗದ್ದಲದಿಂದ ಮನೆಯಲ್ಲಿ ಲಾಭವಾದದ್ದು ದಾಕ್ಷಾಯಣಮ್ಮನಿಗೆ. ಚಳಿಗಾಲದಲ್ಲಿ ಅವರ ಮೊಸರು ಸರಿಯಾಗಿ ಹೆಪ್ಪುಗಟ್ಟುತ್ತಿರಲಿಲ್ಲ. ಕಂಪ್ಯೂಟರಿನ ಬೆನ್ನಿಂದ ಬಿಸಿ ಗಾಳಿ ಬರುವುದನ್ನು ಕಂಡು ಹೆಪ್ಪು ಹಾಕಿದ ಪಾತ್ರೆಯನ್ನು ಅದರ ಹಿಂದಿಟ್ಟರು. ಮರುದಿನ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿತ್ತು. ಅಂದಿನಿಂದ ಗಂಡನ ಕೆಲಸದ ಬಗ್ಗೆ ಅವರಿಗೆ ಗೌರವ ಹುಟ್ಟಿತು. ಬೇಳೆ ಹಸನು ಮಾಡುವ ಮೊರ ತಂದುಕೊಂಡು ಸ್ಕ್ರೀನಿನ ಎದುರೇ ಕೂರತೊಡಗಿದರು. ಚುಕ್ಕಿಗಳು ಕುರಿ ಮೆಲುಕು ಹಾಕುವಷ್ಟು ನಿಧಾನವಾಗಿ ಸರಿಯುತ್ತಿದ್ದವು. ಅದು ಅವರಿಗೆ ಸರಿಹೋಯಿತು. ನಡುವೆ ಒಲೆ ನೋಡಿಬಂದರೂ ಏನೂ ತಪ್ಪಿಹೋಗುತ್ತಿರಲಿಲ್ಲ.

ಮೊದಲು ತಪ್ಪು ಕಂಡದ್ದೂ ಅವರಿಗೇ. "ಏನ್ರಿ, ಇಲ್ಲಿ ಎರಡು ಚುಕ್ಕಿ ಜಗಳಾಡಿ ಊರು ಬಿಟ್ಟು ಹೋದ್ವು ನೋಡ್ರಿ," ಎಂದು ಕೂಗಿದರು.

ಮಾಸ್ತರು ಪ್ರೋಗ್ರಾಮಿನಲ್ಲಿ ಚುಕ್ಕಿಗಳ ಹಾಜರಿ ಹಾಕುವ ಏರ್ಪಾಡು ಮಾಡಿದ್ದರು. ನೋಡಿದರೆ ನಿಜ. ಎರಡು ಚುಕ್ಕಿಗಳು ಒಂದರ ಮೈಮೇಲೊಂದು ಬೀಳುವಷ್ಟು ಹತ್ತಿರ ಬಂದಿದ್ದವು. ದೂರ ಹೆಚ್ಚುಕಡಿಮೆ ಸೊನ್ನೆಯಾದಾಗ ಎಳೆತ ಹೇಳತೀರದಷ್ಟಾಗಿ, ಎರಡೂ ಕವಣೆ ಕಲ್ಲಿನಂತೆ ಸ್ಕ್ರೀನಿನ ಆಚೆ ಹಾರಿದ್ದವು. ಅಂದು ಸಂಜೆಯೊಳಗೆ ಇನ್ನೂ ಏಳೆಂಟು ಗೈರುಹಾಜರಾದವು. ಮಾಸ್ತರು ಪುಷ್ಪಲತಾಳಿಗೆ ಫೋನ್ ಮಾಡಿದರು.

"ದೂರಕ್ಕ ಒಂದು ಸಣ್ಣ ಸಂಖ್ಯೆ ಕೂಡಿಸಿಬಿಡ್ರಿ ಸರ್. ಆಗ ಅದು ಎಂದೂ ಸೊನ್ನಿ ಆಗಂಗಿಲ್ಲ. ಎಳೆತ ಮೆತ್ತಗ ಆಗತೈತಿ."

"ನ್ಯೂಟನ್ನನ ಸೂತ್ರಕ್ಕ ನಾನು ಸುಳ್ಳು ಕೂಡಿಸ್ಲೇನು?"

"ಆ ಚುಕ್ಕಿ ನಿಜವಾದ ನಕ್ಷತ್ರ ಅಲ್ಲಲ್ರಿ ಸರ್. ಒಂದೊಂದು ಚುಕ್ಕಿ ಅಂದ್ರ ಲಕ್ಷಾಂತರ ನಕ್ಷತ್ರ. ಒಂದೊಂದು ಊರಿದ್ದಂಗ. ಇಟ್ಟಿಗಿ ಊರು ಹೋಗಿ ಹೊಳಲು ಊರಿಗೆ ಡಿಕ್ಕಿ ಹೊಡದು ಹಾರಿ ಹೋಗತೈತೇನ್ರಿ?"

ಮಾಸ್ತರು ಯೋಚಿಸಿದರು. ಹೋಗುವುದಿಲ್ಲ. ಆ ಸಣ್ಣ ಸಂಖ್ಯೆಯನ್ನು ಕೂಡಿಸಿದರು. ಆದರೆ ಮನಸ್ಸು ಒಪ್ಪದೆ, ಆ ಸಾಲಿನ ಪಕ್ಕದಲ್ಲೇ "ಇದನ್ನು ಪುಷ್ಪಲತಾಳ ಒತ್ತಾಯದ ಮೇರೆಗೆ ಸೇರಿಸಲಾಗಿದೆ" ಎಂದು ಟಿಪ್ಪಣಿ ಬರೆದರು.

ಜಗಳ ನಿಂತಿತು. ನಿಧಾನ ಮಾತ್ರ ಹಾಗೇ ಉಳಿಯಿತು. ಎರಡು ಗ್ಯಾಲಕ್ಸಿ ಚಂದವಾಗಿ ಕಾಣಬೇಕಾದರೆ ಹತ್ತಿಪ್ಪತ್ತು ಸಾವಿರ ಚುಕ್ಕಿ ಬೇಕು. ಅಷ್ಟನ್ನಿಟ್ಟರೆ ಕಂಪ್ಯೂಟರು ಯಾವಾಗ ಮುಗಿಸುತ್ತದೆ ಎಂದು ಮಾಸ್ತರು ಲೆಕ್ಕ ಹಾಕಿದರು. ವಿಜ್ಞಾನ ದಿನ ಮುಗಿದು, ಅದರ ಮುಂದಿನ ವಿಜ್ಞಾನ ದಿನವೂ ಮುಗಿದಿರುತ್ತಿತ್ತು.

ಭಾನುವಾರ ಪುಷ್ಪಲತಾ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದಳು. ಅವಳ ಹತ್ತಿರ ಬೇರೊಂದು ಉಪಾಯವಿತ್ತು. ಇಡೀ ಆಕಾಶವನ್ನು ನಾಲ್ಕು ಚೌಕಾಕಾರದ ಮನೆ ಮಾಡಬೇಕು. ಚುಕ್ಕಿ ಹೆಚ್ಚಿರುವ ಮನೆಯನ್ನು ಮತ್ತೆ ನಾಲ್ಕು ಮಾಡಬೇಕು. ಹೀಗೆ ಒಂದೊಂದು ಮನೆಗೆ ಒಂದೇ ಚುಕ್ಕಿ ಉಳಿಯುವವರೆಗೆ ಒಡೆಯುತ್ತಾ ಹೋದರೆ ಮರದ ಕೊಂಬೆಗಳಂತೆ ಕವಲೊಡೆಯುತ್ತದೆ. ಆಮೇಲೆ ಒಂದು ಚುಕ್ಕಿಯ ಲೆಕ್ಕ ಹಾಕುವಾಗ ಹತ್ತಿರದವರನ್ನು ಒಬ್ಬೊಬ್ಬರನ್ನಾಗಿ ಎಣಿಸುವುದು. ದೂರದ ಮನೆಯಲ್ಲಿ ನೂರು ಚುಕ್ಕಿಯಿದ್ದರೂ ಅವೆಲ್ಲವೂ ತಮ್ಮ ನಡುಮಧ್ಯದಲ್ಲಿ ಒಂದೇ ಗುಂಪಾಗಿ ನಿಂತಿವೆ ಎಂದುಕೊಂಡು ಒಂದೇ ಸಲ ಎಳೆತ ತೆಗೆಯುವುದು.

"ಅಂದ್ರ ದೂರ ಇರೋರನ್ನ ಮುದ್ದಿ ಮಾಡಿ ನುಂಗಾದು," ಎಂದರು ಮಾಸ್ತರು.

"ಹಂಗಲ್ರಿ ಸರ್."

"ಹಂಗ. ದೂರ ಅದಾರ ಅಂದ ಮಾತ್ರಕ್ಕ ಅವರು ಇಲ್ಲಂತಾಯ್ತೇನು? ಇದು ಅನ್ಯಾಯ."

ಪುಷ್ಪಲತಾ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಸರ್, ನಿಮಗ ಯಾರರ ಹರಪನಹಳ್ಳಿ ಎಷ್ಟು ದೂರ ಐತಿ ಅಂತ ಕೇಳಿದ್ರ, ಹರಪನಹಳ್ಯಾಗ ಯಾರ ಮನಿಗೆ ಅಂತ ಹೊಳ್ಳಿ ಕೇಳ್ತೀರೇನ್ರಿ?"

"ಕೇಳ್ತೀನಿ."

"ಹೌದವಾ, ಕೇಳ್ತಾರ," ಎಂದರು ದಾಕ್ಷಾಯಣಮ್ಮ ಅಡಿಗೆಮನೆಯಿಂದ.

ಕಡೆಗೆ ಪರೀಕ್ಷೆ ಮಾಡೋಣವೆಂದು ಇಬ್ಬರೂ ಒಪ್ಪಿದರು. ಸದ್ಯಕ್ಕೆ ಒಂದೇ ಗ್ಯಾಲಕ್ಸಿ, ಇಬ್ಬರದೂ ಅದೇ ಎರಡು ಸಾವಿರ ಚುಕ್ಕಿ. ಯಾರೂ ಕೈ ಹಾಕದೆ ಬಿಟ್ಟರೆ ಅದು ತನ್ನ ಪಾಡಿಗೆ ತಾನು ತಿರುಗುತ್ತಾ ಇದ್ದಲ್ಲೇ, ಇದ್ದ ಹಾಗೆಯೇ ಇರಬೇಕು. ಅವಳದ್ದು ಅವಳ ವಿಧಾನದಲ್ಲಿ, ಅವರದ್ದು ಅವರ ವಿಧಾನದಲ್ಲಿ. ಪುಷ್ಪಲತಾಳ ಲ್ಯಾಪ್‌ಟಾಪ್ ಎರಡನೇ ಸಲದ ಚಹಾ ಬರುವಷ್ಟರಲ್ಲಿ ಮುಗಿಸಿಬಿಟ್ಟಿತು. ಅದರ ಪ್ರತಿಯನ್ನು ಮಾಸ್ತರ ಕಂಪ್ಯೂಟರಿಗೆ ಹಾಕಿಕೊಟ್ಟು ಅವಳು ಬಸ್ ಹತ್ತಿದಳು. ಮಾಸ್ತರ ಗಿರಣಿ ಮುಂದಿನ ವಾರವೆಲ್ಲ ಬೀಸಿತು. ಮೊಸರೂ ಚೆನ್ನಾಗಿತ್ತು.

ತಮ್ಮದು ಮುಗಿದ ದಿನ ಮಾಸ್ತರು ಮೊದಲು ಅವಳದ್ದನ್ನು ಹಾಕಿ ನೋಡಿದರು. ಗ್ಯಾಲಕ್ಸಿ ತಿರುಗಿತು. ತಿರುಗುತ್ತಾ, ತಿರುಗುತ್ತಾ, ಯಾರೂ ತಳ್ಳದೆಯೇ ಸ್ಕ್ರೀನಿನ ಬಲಮೂಲೆಯ ಕಡೆ ನಿಧಾನವಾಗಿ ಹೊರಟಿತು. ಮಾಸ್ತರು ಸ್ಕ್ರೀನಿಗೆ ಅಳತೆಪಟ್ಟಿ ಹಿಡಿದು ನೋಡಿದರು. ಅನುಮಾನವೇ ಇಲ್ಲ. ಅವರಿಗಾದ ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲವೆಂದು ದಾಕ್ಷಾಯಣಮ್ಮ ಇಂದಿಗೂ ಹೇಳುತ್ತಾರೆ.

"ಪುಷ್ಪಾ, ನಿನ್ನ ಗ್ಯಾಲಕ್ಸಿ ಎಲ್ಲಿಗೆ ಹೊಂಟೈತವಾ?" ಎಂದು ಫೋನಿನಲ್ಲಿ ಕೇಳಿದರು. "ನ್ಯೂಟನ್ನನ ಮೂರನೇ ನಿಯಮ ಎಲ್ಲಿಟ್ಟಿ? ನಾನು ನಿನ್ನನ್ನ ಎಷ್ಟು ಎಳಿತೀನೋ ನೀನು ನನ್ನನ್ನ ಅಷ್ಟ ಎಳೀಬೇಕು. ನೀನು ಗುಂಪು ಕಟ್ಟಿ ಎಳಿಸೀದಿ. ಈ ಕಡಿ ಎಳೆತ ಒಂದು, ಆ ಕಡಿ ಎಳೆತ ಇನ್ನೊಂದು. ಹೆಚ್ಚುಕಡಿಮಿ ಆಗಿದ್ದು ಎಲ್ಲಾ ಕೂಡಿ ಗಾಡಿ ಹೊಂಟು ಬಿಟ್ಟೈತಿ."

ಪುಷ್ಪಲತಾ ಒಪ್ಪಿಕೊಂಡಳು. ಬೇಗ ಮುಗಿಯಲೆಂದು ಅವಳು ಸಾಕಷ್ಟು ದೂರವಿಲ್ಲದ ಮನೆಗಳನ್ನೂ ಗುಂಪಿಗೆ ಹಾಕಿಬಿಟ್ಟಿದ್ದಳು. "ಗುಂಪು ಮಾಡೋ ಅಳತಿ ಬಿಗಿ ಮಾಡ್ತೀನ್ರಿ ಸರ್. ನಿಮ್ಮದು ಹೆಂಗ ಬಂದೈತಿ ನೋಡಾಕ ಬರ್ತೀನಿ," ಎಂದಳು.

ಬಂದು ನೋಡಿದಳು. ಮಾಸ್ತರ ಗ್ಯಾಲಕ್ಸಿ ಇದ್ದ ಜಾಗದಿಂದ ಕದಲಿರಲಿಲ್ಲ. ಆದರೆ ಮಂಡಕ್ಕಿ ಭಟ್ಟಿಯ ಕಾದ ಮರಳಿಗೆ ಬಿದ್ದ ಅಕ್ಕಿಯಂತೆ ಉಬ್ಬಿತ್ತು. ಶುರುವಿಗೆ ರೊಟ್ಟಿಯಷ್ಟಿದ್ದದ್ದು ಕಡೆಗೆ ಸ್ಕ್ರೀನಿನ ಅಂಚು ಮುಟ್ಟಿತ್ತು.

"ಸರ್, ಇದು ಯಾಕ ಇಷ್ಟು ದಪ್ಪ ಆಗೈತ್ರಿ?"

"ಸ್ವಲ್ಪ ಹರಡಿಕೊಂಡೈತಿ. ವಯಸ್ಸಾದಂಗ ಹರಡತೈತಿ."

"ಒಟ್ಟು ಶಕ್ತಿ ಕೂಡಿಸಿ ನೋಡೀರೇನ್ರಿ? ಶುರುವಿಗೆ ಎಷ್ಟಿತ್ತು, ಈಗ ಎಷ್ಟೈತಿ?"

ಮಾಸ್ತರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು. ಎಲ್ಲರ ಹಾಜರಿ ಹಾಕಿದ ಅವರು ಶಕ್ತಿಯ ಹಾಜರಿ ಹಾಕಿರಲಿಲ್ಲ. ಅಲ್ಲೇ ಕೂಡಿಸಿ ನೋಡಿದರು. ಹೊರಗಿನಿಂದ ಯಾರೂ ಏನೂ ಕೊಡದಿದ್ದರೂ ಗ್ಯಾಲಕ್ಸಿಯ ಶಕ್ತಿ ಹೆಜ್ಜೆ ಹೆಜ್ಜೆಗೂ ಏರುತ್ತಾ ಹೋಗಿತ್ತು.

ಅಂದು ಅವರು ಅರ್ಧ ರೊಟ್ಟಿಗೆ ಕೈ ತೊಳೆದರು. ದಾಕ್ಷಾಯಣಮ್ಮ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ತಿಳಿದು, "ಏನಾಗೈತ್ರಿ?" ಎಂದರು.

"ಎಲ್ಲಿಂದಲೋ ಶಕ್ತಿ ಬರಾಕತ್ತೈತಿ."

"ಬಂದ್ರ ಚಲೋನ ಅಲ್ರಿ? ಊಟ ಮಾಡ್ರಿ."

ಕಾರಣ ಹುಡುಕಲು ಅವರಿಗೆ ಎರಡು ಮೂರು ದಿನ ಹಿಡಿಯಿತು. ಸುತ್ತುವ ಚುಕ್ಕಿಯನ್ನು ಅವರು ಪ್ರತಿ ಹೆಜ್ಜೆಗೂ ನೇರ ಗೆರೆಯಲ್ಲಿ ಸರಿಸುತ್ತಿದ್ದರು. ದಾರಿ ಬಾಗಿದೆ, ಹೆಜ್ಜೆ ನೇರವಾಗಿದೆ. ಹಾಗಾಗಿ ಚುಕ್ಕಿ ಪ್ರತಿ ಸಲವೂ ದಾರಿಯಿಂದ ಕೂದಲೆಳೆಯಷ್ಟು ಹೊರಗೆ ಬೀಳುತ್ತಿತ್ತು. ಸಾವಿರಾರು ಹೆಜ್ಜೆಗೆ ಆ ಕೂದಲೆಳೆಯೇ ಹಗ್ಗವಾಗಿತ್ತು. ಎಳೆತದ ಲೆಕ್ಕದಲ್ಲಿ ಒಂದು ಚುಕ್ಕಿಯನ್ನೂ ಬಿಡದ ಮಾಸ್ತರು, ಕಾಲದ ಲೆಕ್ಕದಲ್ಲಿ ಒಂದೊಂದು ಹೆಜ್ಜೆಗೂ ಎಲ್ಲರನ್ನೂ ದಾರಿ ತಪ್ಪಿಸಿದ್ದರು. ಅವರ ತಪ್ಪಿನ ಮುಂದೆ, ದೂರದವರನ್ನು ಗುಂಪು ಮಾಡಿದ ಪುಷ್ಪಲತಾಳ ತಪ್ಪು ಅಷ್ಟೇನೂ ದೊಡ್ಡದಾಗಿರಲಿಲ್ಲ. ಇದನ್ನು ಅವರು ತಾವೇ ಫೋನ್ ಮಾಡಿ ಹೇಳಿದರು. ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅವಳ ಮನೆಯವರನ್ನೆಲ್ಲ ವಿಚಾರಿಸಿಕೊಂಡರು.

ಮದ್ದು ಅವಳಿಗೆ ಗೊತ್ತಿತ್ತು. ಮೊದಲು ವೇಗವನ್ನು ಅರ್ಧ ಹೆಜ್ಜೆಗಾಗುವಷ್ಟು ಬದಲಿಸಬೇಕು. ಆಮೇಲೆ ಚುಕ್ಕಿಯನ್ನು ಪೂರಾ ಒಂದು ಹೆಜ್ಜೆ ಸರಿಸಬೇಕು. ಹೊಸ ಜಾಗದಲ್ಲಿ ಎಳೆತ ನೋಡಿ ಉಳಿದ ಅರ್ಧವನ್ನು ಬದಲಿಸಬೇಕು. ಇಷ್ಟು ಮಾಡಿದರೆ ಶಕ್ತಿ ತುಸು ಏರಿ, ತುಸು ಇಳಿದು, ಮತ್ತೆ ಇದ್ದಲ್ಲಿಗೇ ಬರುತ್ತದೆ. ಮಾಸ್ತರು ಮಾಡಿ ನೋಡಿದರು. ಗ್ಯಾಲಕ್ಸಿ ರೊಟ್ಟಿಯಷ್ಟಿದ್ದದ್ದು ರೊಟ್ಟಿಯಷ್ಟೇ ಉಳಿಯಿತು. ಅವರು ಎದ್ದು ಹೋಗಿ ಅಂಗಳದಲ್ಲಿ ನಾಲ್ಕು ಸುತ್ತು ಅಡ್ಡಾಡಿ ಬಂದರು.

ಅಲ್ಲಿಂದ ಮುಂದೆ ಎರಡು ಗ್ಯಾಲಕ್ಸಿಯ ಡಿಕ್ಕಿಯನ್ನೇ ಮಾಸ್ತರ ಕಂಪ್ಯೂಟರಿಗೆ ಹಚ್ಚಿ ಕೆಲಸ ಹಂಚಿಕೊಂಡರು. ಪ್ರೋಗ್ರಾಂ ಪುಷ್ಪಲತಾಳ ಮರದ ವಿಧಾನದ್ದು, ಬಿಗಿ ಅಳತೆಯದ್ದು. ಮಾಸ್ತರು ಪರೀಕ್ಷಕರು. ಆಗಾಗ ಕೆಲವು ಚುಕ್ಕಿಗಳನ್ನು ಆರಿಸಿಕೊಂಡು, ಅವಷ್ಟಕ್ಕೆ ಮಾತ್ರ ತಮ್ಮ ಹಳೆಯ ವಿಧಾನದಲ್ಲಿ ಎಲ್ಲರ ಎಳೆತವನ್ನೂ ಒಬ್ಬೊಬ್ಬರದಾಗಿ ಕೂಡಿಸಿ, ಅವಳ ಉತ್ತರ ಎಷ್ಟು ತಪ್ಪಿದೆಯೆಂದು ನೋಡುವುದು. ಯಾವ ಚುಕ್ಕಿ ಪರೀಕ್ಷೆಗೆ ಬರುತ್ತದೆಂದು ಮೊದಲೇ ಹೇಳುತ್ತಿರಲಿಲ್ಲ. ಚುಕ್ಕಿಗಳಿಗೆ ಗೊತ್ತಾದರೂ ಏನು ಮಾಡಿಯಾವು ಎಂದು ಪುಷ್ಪಲತಾ ಕೇಳಿದಾಗ, "ರೂಢಿ ಬಿಡಬಾರದವಾ," ಎಂದರು.

ಈ ಒಪ್ಪಂದದಿಂದ ನಷ್ಟವಾದದ್ದು ಒಬ್ಬರಿಗೇ. ಕಂಪ್ಯೂಟರಿನ ಕೆಲಸ ಬೇಗ ಮುಗಿಯತೊಡಗಿತು, ಫ್ಯಾನು ತಣ್ಣಗಾಯಿತು, ಮೊಸರು ನೀರಾಯಿತು.

"ಹಳೇ ಲೆಕ್ಕನ ಚಲೋ ಇತ್ತು," ಎಂದರು ದಾಕ್ಷಾಯಣಮ್ಮ. "ಈ ಲೆಕ್ಕದಾಗ ಕಸುವಿಲ್ಲ."

ಫ್ಯಾನಿನ ಧೂಳು ತೆಗೆಯಲು ಬಂದಿದ್ದ ಹುಲುಗೇಶ, ಪಾತ್ರೆಗೆ ಕಂಬಳಿ ಸುತ್ತಿಡಿ ಎಂದು ಸಲಹೆ ಕೊಟ್ಟ. ಕಂಪ್ಯೂಟರಿನವನು ಕಂಬಳಿಯ ಮಾತಾಡಿದ್ದು ಅವರಿಗೆ ಹಿಡಿಸಲಿಲ್ಲ.

ವಿಜ್ಞಾನ ದಿನ ಬಂತು. ಹಗರಿಬೊಮ್ಮನಹಳ್ಳಿಯ ಕಾಲೇಜಿನ ದೊಡ್ಡ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದರು. ಗೋಡೆಯ ಮೇಲೆ ಎರಡು ಗ್ಯಾಲಕ್ಸಿ, ಒಂದು ದೊಡ್ಡದು, ಒಂದು ಸಣ್ಣದು. ಮಾಸ್ತರು ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಕೀಬೋರ್ಡಿನ ಪಕ್ಕ ನಿಂತಿದ್ದರು. ವಿವರಣೆಯನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದರು. ಅದು ನ್ಯೂಟನ್ನನ ಬಾಲ್ಯದಿಂದ ಶುರುವಾಗುತ್ತಿತ್ತು. ಮೊದಲು ಬಂದದ್ದು ಅತಿಥಿ ಬಂಗಾರಪ್ಪನವರು, ಕಾಲೇಜಿಗೆ ಕಟ್ಟಡ ಕಟ್ಟಿಸಿದ ಸಮಿತಿಯ ಹಿರಿಯರು.

"ಇದ್ರಾಗ ನಮ್ಮ ಭೂಮಿ ಯಾವ್ದ್ರಿ ಮಾಸ್ತರ್ರ?"

"ಹೇಳ್ತೀನ್ರಿ. ಅದಕ್ಕೂ ಮೊದಲು ಚುಕ್ಕಿ ಅಂದ್ರೇನು ಅನ್ನೋದನ್ನ ತಿಳ್ಕೋಬೇಕಾಗತೈತ್ರಿ," ಎಂದು ಮಾಸ್ತರು ಶುರು ಮಾಡಿದರು. ಅವರ ವಿವರಣೆಯಲ್ಲಿ ನ್ಯೂಟನ್ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲಿನ ಸಣ್ಣ ಗ್ಯಾಲಕ್ಸಿ ದೊಡ್ಡದರೊಳಕ್ಕೆ ನುಗ್ಗಿತು. ಆಗ ಕೋಣೆಯ ಇನ್ನೊಂದು ಮೂಲೆಯಿಂದ ಒಂದು ದನಿ ಕೇಳಿಸಿತು.

"ಈಗ ನೋಡ್ರಿ. ಸಣ್ಣದು ಒಳಗ ಹೋತಲ್ಲ, ಆ ಕಡಿಯಿಂದ ಹೊರಗ ಬರತೈತಿ. ಬಾಲ ಬರತೈತಿ ನೋಡ್ರಿ ಅದಕ್ಕ, ಉದ್ದಕ."

ದಾಕ್ಷಾಯಣಮ್ಮ. ಅವರು ಇದನ್ನು ಮನೆಯಲ್ಲಿ ಬೇಳೆ ಹಸನು ಮಾಡುತ್ತಾ ಅದೆಷ್ಟು ಸಲ ನೋಡಿದ್ದರೋ. ಹಂಪಸಾಗರದಿಂದ ಬಂದಿದ್ದ ಹೆಣ್ಣುಮಕ್ಕಳ ಒಂದು ಗುಂಪು ಅವರ ಸುತ್ತ ನಿಂತಿತ್ತು. ಅವರು ಹೇಳಿದ ಹಾಗೇ ಬಾಲ ಬಂತು. ಜನ ಆ ಕಡೆ ಸರಿಯತೊಡಗಿದರು.

"ಹೋಗೇ ಬಿಡತೈತೇನ್ರಿ ಅದು?" ಎಂದು ಒಬ್ಬ ಮುದುಕಿ ಕೇಳಿದಳು.

"ಎಲ್ಲಿ ಹೋಗತೈತವಾ. ದೊಡ್ಡದು ಎಳ್ಕೊಂಡು ಕುಂತೈತಲ್ಲ. ದೂರ ಹೋಗಿ, ಸಾಕಾಗಿ, ಹೊಳ್ಳಿ ಬರತೈತಿ. ನಿಂದ್ರು, ನೋಡುವಂತಿ."

ಸಣ್ಣದು ದೂರ ಹೋಯಿತು, ನಿಧಾನವಾಯಿತು, ಗೋಡೆಯ ಅಂಚಿನಲ್ಲಿ ನಿಂತೇಬಿಟ್ಟಿತು ಎನ್ನಿಸಿತು. ಆಮೇಲೆ ಹೊಳ್ಳಿ ಬರತೊಡಗಿತು. ಮುದುಕಿ ಸಮಾಧಾನದ ಉಸಿರು ಬಿಟ್ಟಳು. ಬಂಗಾರಪ್ಪನವರು ಮಾಸ್ತರಿಗೆ "ಒಂದು ನಿಮಿಷ ಬಂದೆ ಇರ್ರಿ" ಎಂದು ಹೇಳಿ, ದಾಕ್ಷಾಯಣಮ್ಮನ ಹತ್ತಿರ ಹೋಗಿ ನಿಂತರು.

ಮಾಸ್ತರು ಪುಷ್ಪಲತಾಳ ಕಡೆ ನೋಡಿದರು. ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವರು ಕನ್ನಡಕ ತೆಗೆದು ಒರೆಸಲು ಹೋಗಿ, ಮತ್ತೆ ಹಾಕಿಕೊಂಡರು. ನಿಜ ಹೇಳಬೇಕೆಂದರೆ, ಅವರಿಗೂ ಸಣ್ಣದು ಹೊಳ್ಳಿ ಬರುವುದನ್ನು ನೋಡುವ ಆಸೆಯಿತ್ತು. ಇಷ್ಟು ದಿನ ಅವರು ಎಳೆತ ನೋಡಿದ್ದರು, ಶಕ್ತಿ ನೋಡಿದ್ದರು, ತಪ್ಪು ನೋಡಿದ್ದರು. ಗ್ಯಾಲಕ್ಸಿಯನ್ನು ಕೂತು ನೋಡಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ನೋಡಿದರು. ಎರಡೂ ಸೇರಿ ಒಂದಾಗುವಾಗ ಸುತ್ತಲೂ ತೆಳ್ಳಗೆ ಚುಕ್ಕಿಗಳ ಹೊಗೆ ಎದ್ದಂತೆ ಕಾಣುತ್ತಿತ್ತು. ಚಂದವಿತ್ತು.

ಆ ದಿನ ಪ್ರದರ್ಶನವನ್ನು ಸಂಜೆಯವರೆಗೆ ಮತ್ತೆ ಮತ್ತೆ ಹಾಕಬೇಕಾಯಿತು. ಊಟಕ್ಕೆ ಹೋದಾಗ ದಾಕ್ಷಾಯಣಮ್ಮನನ್ನು ಇಬ್ಬರು ವಿದ್ಯಾರ್ಥಿನಿಯರು ಬಂದು ಮತ್ತೆ ವಿವರಿಸಲೆಂದು ಕರೆದುಕೊಂಡು ಹೋದರು.

ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ದಾಕ್ಷಾಯಣಮ್ಮ ಕೇಳಿದರು: "ನಾನು ಹೇಳಿದ್ರಾಗ ಏನರ ತಪ್ಪಿತ್ತೇನ್ರಿ?"

ಮಾಸ್ತರಿಗೆ ಕೆಲವು ನೆನಪಿದ್ದವು. ಹೇಳಬೇಕೆಂದು ಬಾಯಿ ತೆರೆದರು. "ಬಾಲದ ಬಗ್ಗೆ ಒಂದು ಮಾತಿತ್ತು," ಎಂದವರು, "ಇರ್ಲಿ ಬಿಡು. ಚಲೋ ಹೇಳಿದಿ," ಎಂದರು.

ದಾಕ್ಷಾಯಣಮ್ಮ ಕಿಟಕಿಯಾಚೆ ನೋಡುತ್ತಾ ಯೋಚಿಸಿದರು. "ಎರಡ ಯಾಕ್ರಿ? ಮೂರನೇದ್ದೊಂದು ಬಂದ್ರ ಹೆಂಗಿರತೈತಿ?"

ಮೂರು ಗ್ಯಾಲಕ್ಸಿಯ ಕೆಲಸ ಈಗ ನಡೆದಿದೆ. ಪುಷ್ಪಲತಾ ಭಾನುವಾರಗಳಂದು ಬರುತ್ತಾಳೆ. ಮೂರನೆಯದು ಯಾವ ದಿಕ್ಕಿನಿಂದ, ಎಷ್ಟು ಜೋರಾಗಿ ಬರಬೇಕೆಂಬ ಬಗ್ಗೆ ಮಾಸ್ತರ ಅಭಿಪ್ರಾಯ ಒಂದು, ದಾಕ್ಷಾಯಣಮ್ಮನದು ಇನ್ನೊಂದು. ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.